ಹಳೆಯದನ್ನು ಬಳಸುತ್ತಲೇ ಉಳಿಸಿಕೊಂಡ ಮನೆಗಳು: ಫ್ರೆಂಚ್ ಗೃಹಶೈಲಿಯ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಹಳೆಯ ಮನೆಗಳ ಬಗ್ಗೆ ನಾನು ಬರೆದ ಲೇಖನವನ್ನು ಓದಿ ಅನೇಕರು ಪ್ರೀತಿಯಿಂದ ಪತ್ರ ಬರೆದಿದ್ದೀರಿ. ಆ ದೇಶದ ಮನೆ, ಅಡುಗೆಮನೆ, ಬಟ್ಟೆಬರೆಗಳ ಮೇಲೆ ನನಗಿರುವ ಮೋಹ ಇಪ್ಪತ್ತು ವರ್ಷಗಳಷ್ಟು ಹಳೆಯದು. ಅಲ್ಲಿ ನಾನು ಕಂಡ, ಮನಸ್ಸಿಗೆ ಹಿಡಿಸಿದ ಮನೆಗಳಲ್ಲಿ ಯಾವುದೂ ಒಂದೇ ದಿನ ಅಂಗಡಿಯಿಂದ ತಂದು ಜೋಡಿಸಿದ್ದಾಗಿರಲಿಲ್ಲ. ಅಜ್ಜಿಯ ಕಾಲದಿಂದ ಬಂದದ್ದು, ಎರಡು ಸಲ ದುರಸ್ತಿಯಾದದ್ದು, ಆದರೂ ಇವತ್ತಿನ ಊಟಕ್ಕೆ, ಇವತ್ತಿನ ನಿದ್ದೆಗೆ ಬಳಕೆಯಾಗುವಂಥದ್ದು, ಅಂಥ ವಸ್ತುಗಳಿಂದಲೇ ಆ ಮನೆಗಳಿಗೆ ಕಳೆ ಬಂದಿತ್ತು. ಈ ಸಲ ಆಯ್ದುಕೊಂಡ ಪ್ರಶ್ನೆಗಳೂ ಬಹುಮಟ್ಟಿಗೆ ಅಂಥ ವಸ್ತುಗಳನ್ನು ಕುರಿತವೇ ಆಗಿವೆ.

ಪ್ರಶ್ನೆ: ಬಿಳಿಯ ಬಟ್ಟೆಯ ಮೇಲೆ ಒಂದೇ ಕೆಂಪು ಅಥವಾ ನೀಲಿ ಬಣ್ಣದಲ್ಲಿ ಕುರಿ ಕಾಯುವ ಹುಡುಗಿ, ಮರ, ಪಾಳುಬಿದ್ದ ಕಂಬಗಳು ಇರುವ ಪರದೆಯ ಚಿತ್ರವನ್ನು ನಿಮ್ಮ ಲೇಖನದಲ್ಲಿ ನೋಡಿದೆ. ಅದಕ್ಕೆ ಏನೆನ್ನುತ್ತಾರೆ? ನನಗೆ ತುಂಬ ಇಷ್ಟವಾಯಿತು. ಆದರೆ ನಮ್ಮ ಮನೆಯಲ್ಲಿ ಹಾಕಿದರೆ ಪರದೇಶದ ಅನುಕರಣೆ ಎನಿಸುವುದಿಲ್ಲವೇ? – ಗೃಹಿಣಿ, ಮೈಸೂರು

ಅದರ ಹೆಸರು ತ್ವಾಲ್ ದ ಜೂಯಿ, ಅಂದರೆ ಜೂಯಿ ಎಂಬ ಊರಿನ ಬಟ್ಟೆ. ವರ್ಸೇಯ್ ಅರಮನೆಯ ಸಮೀಪ, ಬಿಯೇವ್ರ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ ಜೂಯಿ-ಆಂ-ಜೋಸಾ ಎಂಬ ಊರಿದೆ. ಜರ್ಮನಿಯಿಂದ ಬಂದ ಕ್ರಿಸ್ತೋಫ್-ಫಿಲಿಪ್ ಒಬರ್‌ಕಾಂಫ್ ಎಂಬ ತರುಣ ಇನ್ನೂ ಇಪ್ಪತ್ತೆರಡು ತುಂಬುವ ಮೊದಲೇ, 1760ರಲ್ಲಿ, ಅಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯನ್ನು ಆರಂಭಿಸಿದ. ಅಚ್ಚು ಹಾಕಿದ ಬಟ್ಟೆಯನ್ನು ಮತ್ತೆ ಮತ್ತೆ ಜಾಲಿಸಲು ಶುದ್ಧವಾದ ಹರಿಯುವ ನೀರು ಬೇಕಾಗುತ್ತದೆ, ಹೊಳೆಯ ದಂಡೆಯನ್ನು ಆರಿಸಿಕೊಂಡದ್ದು ಅದಕ್ಕಾಗಿ. ಮೊದಮೊದಲು ಮರದ ಅಚ್ಚುಗಳಿಂದ ಹಲವು ಬಣ್ಣದ ಹೂಬಳ್ಳಿಗಳನ್ನು ಒತ್ತುತ್ತಿದ್ದರು. 1770ರಿಂದ ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರಗಳನ್ನು ಒತ್ತುವ ಕೆಲಸ ಆರಂಭವಾಯಿತು. ತಾಮ್ರದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನೂ ಕೊರೆಯಬಹುದು, ಆದರೆ ಅಂಥ ಗೆರೆಗಳ ಮೇಲೆ ಎರಡನೆಯ ಬಣ್ಣವನ್ನು ಸರಿಯಾಗಿ ಕೂಡಿಸುವುದು ಕಷ್ಟ. ನಿಮಗೆ ಇಷ್ಟವಾದ ಆ ಒಂದೇ ಬಣ್ಣದ ಚಿತ್ರಗಳು ಬಂದದ್ದು ಹೀಗೆ. 1783ರಲ್ಲಿ ಜಾಂ-ಬಾಪ್ತಿಸ್ತ್ ಯುಯೆ ಎಂಬ ಚಿತ್ರಕಾರ ಕಾರ್ಖಾನೆಗೆ ಬಂದು, ಅಲ್ಲಿಯ ಕೆಲಸಗಾರರು ಬಟ್ಟೆ ಒಗೆಯುವುದು, ಹುಲ್ಲುಗಾವಲಿನಲ್ಲಿ ಹರವಿ ಒಣಗಿಸುವುದು, ಅಚ್ಚು ಒತ್ತುವುದು ಇವನ್ನೇ ಒಂದು ಬಟ್ಟೆಯ ಚಿತ್ರವಾಗಿಸಿದ. ಆ ಬಟ್ಟೆಯನ್ನು ಜೂಯಿಯ ವಸ್ತುಸಂಗ್ರಹಾಲಯದಲ್ಲಿ ಹತ್ತಿರದಿಂದ ನೋಡಿದಾಗ, ತನ್ನನ್ನು ತಯಾರಿಸಿದ ಬಗೆಯನ್ನು ತಾನೇ ಹೇಳುವ ಇಂಥ ಪರದೆ ಇನ್ನೆಲ್ಲಿದ್ದೀತು ಎಂದು ನಾನು ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ.

ಇನ್ನು ಅನುಕರಣೆಯ ಮಾತು. ಈ ಬಟ್ಟೆಯ ಬೇರು ಇರುವುದು ನಮ್ಮ ದೇಶದಲ್ಲೇ. ನಮ್ಮ ಹಿರಿಯರು ಚೀಟಿ ಬಟ್ಟೆ ಎನ್ನುತ್ತಿದ್ದ, ಹೂವು ಬಳ್ಳಿಗಳ ಬಣ್ಣದ ಅಚ್ಚಿನ ಹತ್ತಿ ಬಟ್ಟೆ 17ನೆಯ ಶತಮಾನದಲ್ಲಿ ಮಚಲೀಪಟ್ಟಣ, ಪುದುಚೇರಿಗಳ ಕರಾವಳಿಯಿಂದ ಹಡಗಿನಲ್ಲಿ ಫ್ರಾನ್ಸಿಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ಆಂದಿಯೆನ್, ಅಂದರೆ ಇಂಡಿಯಾದ್ದು ಎಂದೇ ಹೆಸರು. ಒಗೆದರೂ ಬಣ್ಣ ಬಿಡದ, ಹಗುರವಾದ ಈ ಬಟ್ಟೆಗೆ ಅಲ್ಲಿಯ ಹೆಂಗಸರು ಮರುಳಾದಾಗ ರೇಷ್ಮೆ ಮತ್ತು ಉಣ್ಣೆಯ ನೇಕಾರರು ದೊರೆಗೆ ದೂರಿತ್ತರು. 1686ರಲ್ಲಿ ಅದರ ಆಮದು ಮತ್ತು ತಯಾರಿಕೆ ಎರಡನ್ನೂ ನಿಷೇಧಿಸಲಾಯಿತು, ನಿಷೇಧ ತೆರವಾದದ್ದು 1759ರಲ್ಲಿ. ಈ ಎಪ್ಪತ್ಮೂರು ವರ್ಷಗಳಲ್ಲಿ ಬಟ್ಟೆ ಕಳ್ಳದಾರಿಯಲ್ಲಿ ಬರುತ್ತಲೇ ಇತ್ತು, ಆಸ್ಥಾನದ ಹೆಂಗಸರೇ ಅದನ್ನು ಉಡುತ್ತಿದ್ದರು. ನಿಷೇಧ ತೆರವಾದ ಮರುವರ್ಷವೇ ಒಬರ್‌ಕಾಂಫ್ ಕಾರ್ಖಾನೆ ತೆರೆದ ಎಂಬುದನ್ನು ಗಮನಿಸಿ.

ಬಣ್ಣ ನಿಲ್ಲಿಸುವ ಗುಟ್ಟೂ ಇಲ್ಲಿಂದಲೇ ಹೋಯಿತು. 1742ರಲ್ಲಿ ನಮ್ಮ ದೇಶದ ಪೂರ್ವ ಕರಾವಳಿಯಲ್ಲಿದ್ದ ಕೇರ್‌ದೂ ಎಂಬ ಫ್ರೆಂಚ್ ಪಾದ್ರಿ ಇಲ್ಲಿಯ ಬಣ್ಣಗಾರರ ವಿಧಾನವನ್ನು ಕೇಳಿ ತಿಳಿದು ವಿವರವಾದ ಪತ್ರವೊಂದನ್ನು ಬರೆದರು. ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಬಟ್ಟೆಯನ್ನು ಹದಗೊಳಿಸಿ, ಕೆಂಪು ಬೇಕಾದ ಕಡೆ ಪಟಿಕದ ನೀರಿನಲ್ಲಿ ಚಿತ್ರ ಬರೆದು, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸಿದರೆ, ಪಟಿಕ ತಾಗಿದ ಕಡೆ ಮಾತ್ರ ಬಣ್ಣ ಕಚ್ಚಿ ನಿಲ್ಲುತ್ತದೆ. ಜೂಯಿಯ ಕೆಂಪಿನ ಹಿಂದಿರುವುದೂ ಇದೇ ತತ್ತ್ವ. ಆದ್ದರಿಂದ ಆ ಪರದೆಯನ್ನು ಸಂಕೋಚವಿಲ್ಲದೆ ಹಾಕಿರಿ. ಫ್ರಾನ್ಸಿನ ಕೆಲವು ಮಲಗುವ ಕೋಣೆಗಳಲ್ಲಿ ಗೋಡೆ, ಪರದೆ, ಹಾಸಿಗೆಯ ಹೊದಿಕೆ ಎಲ್ಲವೂ ಒಂದೇ ಚಿತ್ರದ್ದಾಗಿರುತ್ತವೆ. ಚಿಕ್ಕ ಕೋಣೆಯಲ್ಲಿ ಅದು ಬಹಳ ಚೆನ್ನ, ದೊಡ್ಡ ಹಜಾರಕ್ಕೆ ನಾನು ಸಲಹೆ ಮಾಡುವುದಿಲ್ಲ. ನಮ್ಮ ಬಿಸಿಲಿಗೆ ಕೆಂಪು ಬೇಗ ಮಂಕಾಗುವುದರಿಂದ ಹಿಂದೊಂದು ದಪ್ಪನೆಯ ಲೈನಿಂಗ್ ಬಟ್ಟೆ ಕೊಡಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಪ್ಯಾರಿಸಿನ ಮನೆಗಳಲ್ಲಿರುವಂತೆ ವಿ ಆಕಾರದಲ್ಲಿ ಜೋಡಿಸಿದ ಮರದ ನೆಲ ಹಾಕಿಸಬೇಕೆಂದಿದ್ದೇನೆ. ಈಗಿರುವುದು ನಮ್ಮ ಮಾವನವರ ಕಾಲದ ಬಣ್ಣದ ಸಿಮೆಂಟ್ ಟೈಲ್ಸ್. ಕೀಳಿಸಬಹುದೇ? – ಹುಬ್ಬಳ್ಳಿ

ದಯವಿಟ್ಟು ಕೀಳಿಸಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ನೀವು ನೋಡಿರುವುದು ಓಸ್‌ಮನ್ ಕಾಲದ ಮನೆಗಳು. ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ, 1853ರಿಂದ 1870ರವರೆಗೆ, ಆಡಳಿತಾಧಿಕಾರಿಯಾಗಿದ್ದ ಓಸ್‌ಮನ್ ಹಳೆಯ ಪ್ಯಾರಿಸಿನ ಇಕ್ಕಟ್ಟಾದ ಓಣಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಸಿದ. ಅವುಗಳ ಎರಡೂ ಬದಿಗೆ ಬೆಣ್ಣೆಬಣ್ಣದ ಸುಣ್ಣಕಲ್ಲಿನ, ಸತುವಿನ ಚಾವಣಿಯ ಕಟ್ಟಡಗಳು ಎದ್ದವು. ಲಿಫ್ಟ್ ಇಲ್ಲದ ಕಾಲವಾದ್ದರಿಂದ ಶ್ರೀಮಂತರಿಗೆ ಎರಡನೆಯ ಅಂತಸ್ತೇ ಪ್ರಶಸ್ತವಾಗಿತ್ತು, ಉದ್ದನೆಯ ಬಾಲ್ಕನಿ ಅಲ್ಲಿರುವುದು ಅದಕ್ಕೇ. ಸೂರಿನಡಿಯ ಪುಟ್ಟ ಕೋಣೆಗಳು ಮನೆಗೆಲಸದವರ ಪಾಲಿಗೆ. ಈಗಲೂ ಅಲ್ಲಿಯ ಮನೆ ಮಾರಾಟದ ಜಾಹೀರಾತುಗಳಲ್ಲಿ ಪಾರ್ಕೆ, ಮೂಲ್ಯೂರ್, ಶೆಮಿನೇ ಎಂಬ ಮೂರು ಪದಗಳು ಒಟ್ಟಿಗೇ ಬರುತ್ತವೆ. ಮರದ ನೆಲ, ಚಾವಣಿಯಂಚಿನ ಗಾರೆಯ ಅಲಂಕಾರ, ಅಮೃತಶಿಲೆಯ ಅಗ್ಗಿಷ್ಟಿಕೆ, ಇವು ಮೂರೂ ಇದ್ದರೆ ಬೆಲೆ ಏರಿತೆಂದೇ ಲೆಕ್ಕ.

ವಿ ಆಕಾರದ ಜೋಡಣೆಯಲ್ಲಿ ಎರಡು ಬಗೆಗಳಿವೆ. ಹಲಗೆಯ ತುದಿಯನ್ನು ಓರೆಯಾಗಿ ಕತ್ತರಿಸಿ ತುದಿಗೆ ತುದಿ ಕೂಡಿಸಿದರೆ ನಡುವೆ ನೇರವಾದ ಗೆರೆ ಮೂಡುತ್ತದೆ, ಅದು ಪುವಾಂ ದ ಒಂಗ್ರಿ. ತುದಿಯನ್ನು ಚೌಕವಾಗಿಯೇ ಬಿಟ್ಟು ಒಂದರ ತುದಿಯನ್ನು ಇನ್ನೊಂದರ ಪಕ್ಕಕ್ಕೆ ಆನಿಸಿದರೆ ಹೆಣೆದ ಜಡೆಯಂತೆ ಕಾಣುತ್ತದೆ, ಅದು ಬಾತೋಂ ರೋಂಪ್ಯು. ಹಲಗೆಗಳನ್ನು ಓರೆಯಾಗಿ ಕತ್ತರಿಸಿದಾಗ ಮರ ಹೆಚ್ಚು ಪೋಲಾಗುವುದರಿಂದ ಮೊದಲನೆಯದು ದುಬಾರಿ.

ಈಗ ಕಾರಣ. ನಿಮ್ಮ ಮಾವನವರು ಹಾಕಿಸಿದ ಆ ಸಿಮೆಂಟ್ ಟೈಲ್ಸ್ ಕೂಡ 19ನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಬೆಳೆದ ಕಸುಬಿಗೆ ಸೇರಿದ್ದು. ಅವನ್ನು ಸುಡುವುದಿಲ್ಲ, ಹಿತ್ತಾಳೆಯ ಮನೆಗಳಿರುವ ಅಚ್ಚಿನಲ್ಲಿ ಬಣ್ಣದ ಸಿಮೆಂಟನ್ನು ಹೊಯ್ದು ಯಂತ್ರದಿಂದ ಒತ್ತುತ್ತಾರೆ. ಅಲ್ಲಿಯ ಪ್ರೊವಾನ್ಸ್ ಸೀಮೆಯ ಹಳ್ಳಿಮನೆಗಳಲ್ಲಿ ಅಂಥ ನೆಲವನ್ನು ಕಣ್ಣಿಗೊತ್ತಿಕೊಂಡು ಉಳಿಸಿಕೊಳ್ಳುತ್ತಾರೆ. ಮೇಣ ಹಚ್ಚಿ ಉಜ್ಜಿಸಿ ನೋಡಿ, ಹದಿನೈದು ದಿನ ಕಳೆದ ಮೇಲೆ ಮರದ ನೆಲದ ಆಸೆ ಉಳಿದಿದ್ದರೆ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ಪ್ಯಾರಿಸಿನಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಅಮ್ಮನಿಗಾಗಿ ಹಳೆಯ ಫ್ರೆಂಚ್ ವಸ್ತುವೊಂದನ್ನು ಕೊಳ್ಳಬೇಕು. ಸಂತ್-ವಾಂ ಹಳೇ ಸಾಮಾನಿನ ಸಂತೆಗೆ ಹೋದರೆ ಮೋಸಹೋಗುತ್ತೇನೆಂಬ ಭಯ. – ಮೂಲತಃ ದಾವಣಗೆರೆ

ಭಯ ಬೇಡ, ಬೆಳಗ್ಗೆ ಬೇಗ ಹೋಗಿ. ಮೆಟ್ರೊ ನಾಲ್ಕನೆಯ ಮಾರ್ಗದಲ್ಲಿ ಪೋರ್ತ್ ದ ಕ್ಲಿನ್ಯಾಂಕೂರ್ ನಿಲ್ದಾಣದಲ್ಲಿ ಇಳಿದರೆ ಮೊದಲು ಎದುರಾಗುವುದು ಶೂ ಮತ್ತು ಫೋನ್ ಕವರುಗಳ ಸಾಲಂಗಡಿಗಳು. ನಿರಾಶರಾಗದೆ ವರ್ತುಲರಸ್ತೆಯ ಮೇಲ್ಸೇತುವೆಯ ಅಡಿಯಿಂದ ಮುಂದೆ ನಡೆದು ರ್ಯು ದೆ ರೋಸಿಯೇ ಎಂಬ ಬೀದಿಯನ್ನು ಹಿಡಿಯಿರಿ. ನಿಜವಾದ ಸಂತೆ ಅಲ್ಲಿದೆ. ಶನಿವಾರ, ಭಾನುವಾರ ಭರ್ತಿ ಇರುತ್ತದೆ, ಸೋಮವಾರ ಜನ ಕಡಿಮೆ.

ಈ ಸಂತೆ ಹುಟ್ಟಿದ್ದು ಚಿಂದಿ ಆಯುವವರಿಂದ. 1883ರ ಕೊನೆಯಲ್ಲಿ ಪೂಬೆಲ್ ಎಂಬ ಆಡಳಿತಾಧಿಕಾರಿ ಪ್ರತಿ ಮನೆಯವರೂ ಕಸವನ್ನು ಮುಚ್ಚಳವಿರುವ ಡಬ್ಬದಲ್ಲಿಯೇ ಇಡಬೇಕೆಂದು ಆಜ್ಞೆ ಹೊರಡಿಸಿದ. ಇವತ್ತಿಗೂ ಫ್ರೆಂಚಿನಲ್ಲಿ ಕಸದ ಡಬ್ಬಕ್ಕೆ ಅವನ ಹೆಸರೇ. ರಾತ್ರಿಯೆಲ್ಲ ಲಾಟೀನು ಹಿಡಿದು ಕಸ ಕೆದಕಿ ಬದುಕುತ್ತಿದ್ದವರಿಗೆ ನಗರದೊಳಗೆ ಜೀವನ ಕಷ್ಟವಾಯಿತು. ಕೋಟೆಗೋಡೆಯ ಆಚೆಗೆ ಹೋಗಿ ನೆಲೆಸಿದ ಅವರು ಆಯ್ದು ತಂದದ್ದನ್ನು ನೆಲದ ಮೇಲೆ ಹರವಿ ಮಾರತೊಡಗಿದರು. ವೆರ್ನೇಸೋಂ ಎಂಬ ಮಾರುಕಟ್ಟೆಯ ಸಣ್ಣ ಗಲ್ಲಿಗಳಲ್ಲಿ ಈಗಲೂ ಒಡೆದ ಗುಂಡಿಗಳು, ಬೀಗದ ಕೈಗಳು, ಹಳೆಯ ಕಸೂತಿ ತುಣುಕುಗಳು ಬುಟ್ಟಿಗಟ್ಟಲೆ ಸಿಗುತ್ತವೆ.

ನಾನು ಅಲ್ಲಿ ಕೊಂಡದ್ದು ಒಂದು ನಾರುಬಟ್ಟೆಯ ಹಾಸಿಗೆ ಹಾಸು, ನಲವತ್ತು ಯೂರೋ. ಮಾರುತ್ತಿದ್ದ ವಯಸ್ಸಾದ ಹೆಂಗಸು ಅದನ್ನು ಬಿಡಿಸಿ ಬೆಳಕಿಗೆ ಹಿಡಿದು ತೋರಿಸಿದರು. ನಡುವೆ ಉದ್ದಕ್ಕೂ ಒಂದು ಹೊಲಿಗೆ ಇತ್ತು. ಹಿಂದಿನ ಮಗ್ಗಗಳು ಕಿರಿದಾಗಿದ್ದುದರಿಂದ ಎರಡು ಪಟ್ಟಿಗಳನ್ನು ಕೂಡಿಸಿ ಹಾಸು ಮಾಡುತ್ತಿದ್ದರು, ಆದ್ದರಿಂದ ಆ ಹೊಲಿಗೆ ದೋಷವಲ್ಲ, ಹಳೆಯದೆನ್ನಲು ಒಂದು ಗುರುತು. ಮೂಲೆಯಲ್ಲಿ ಕೆಂಪು ದಾರದಲ್ಲಿ ಎರಡು ಅಕ್ಷರಗಳು, ಅವುಗಳ ಕೆಳಗೆ ಸಣ್ಣದಾಗಿ ಒಂದು ಸಂಖ್ಯೆ. ಮದುವೆಗೆ ಮುಂಚೆ ಹೆಣ್ಣುಮಕ್ಕಳು ತಮ್ಮ ಹೆಸರಿನ ಮೊದಲಕ್ಷರಗಳನ್ನು ಹೀಗೆ ಕಸೂತಿ ಮಾಡಿ, ಹಾಸುಗಳನ್ನು ಎಣಿಸಿ ಅಲಮಾರಿಯಲ್ಲಿ ಕೂಡಿಡುತ್ತಿದ್ದರು. ಊರಿನ ಎಲ್ಲರ ಬಟ್ಟೆಯೂ ಒಟ್ಟಿಗೆ ಒಗೆಯುವಲ್ಲಿ ಯಾರದು ಯಾವುದೆಂದು ತಿಳಿಯಲೂ ಅದು ಅನುಕೂಲ. ಒಂದು ಬದಿಯಲ್ಲಿ ಅಂಗೈಯಷ್ಟು ತೇಪೆ ಇತ್ತು, ಎಷ್ಟು ನಯವಾಗಿತ್ತೆಂದರೆ ಬೆರಳಿಗೆ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಆ ತೇಪೆ ಹಾಕಿದ ಕೈಯನ್ನು ನೆನೆಯದೆ ನಾನು ಈಗಲೂ ಆ ಹಾಸನ್ನು ಮಡಚಿಡುವುದಿಲ್ಲ.

ಎರಡು ಮಾತು ನೆನಪಿಡಿ. ಯಾವ ಅಂಗಡಿಗೆ ಹೋದರೂ ವಸ್ತುವನ್ನು ಮುಟ್ಟುವ ಮುಂಚೆ ಬೋಂಝೂರ್ ಎನ್ನಿ, ಅದನ್ನು ಹೇಳದೆ ಬೆಲೆ ಕೇಳುವುದು ಅಲ್ಲಿ ಒರಟುತನ. ಚೌಕಾಸಿ ಮಾಡಬಹುದು, ಆದರೆ ಅರ್ಧ ಬೆಲೆಗೆ ಕೇಳಬೇಡಿ. ನಗದು ತೆಗೆದುಕೊಂಡು ಹೋಗಿ. ನಿಮ್ಮ ಅಮ್ಮನ ಹೆಸರಿನ ಮೊದಲ ಅಕ್ಷರವಿರುವ ಹಾಸು ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಫ್ರೆಂಚ್ ಅಡುಗೆಮನೆಗಳಲ್ಲಿ ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆಗಳು ಬರಿಯ ಅಂದಕ್ಕೋ, ಅಡುಗೆಗೋ? ನಮ್ಮಲ್ಲಿ ಅಜ್ಜಿಯ ತಾಮ್ರದ ಪಾತ್ರೆಗಳು ಅಟ್ಟದ ಮೇಲಿವೆ. – ಶಿರಸಿ

ಅಡುಗೆಗೇ. ತಾಮ್ರಕ್ಕೆ ಶಾಖ ಬೇಗ ಹರಡುತ್ತದೆ, ಉರಿ ತಗ್ಗಿಸಿದೊಡನೆ ಬೇಗ ತಣಿಯುತ್ತದೆ. ಬೆಣ್ಣೆ, ಮೊಟ್ಟೆಗಳ ಸೂಕ್ಷ್ಮವಾದ ಸಾಸ್‌ಗಳಿಗೆ ಅದು ಬೇಕೇಬೇಕು. ನಾರ್ಮಂಡಿಯಲ್ಲಿ ವಿಲ್‌ದ್ಯೂ-ಲೆ-ಪುವಾಲ್ ಎಂಬ ಊರಿದೆ, ಹೆಸರಿನಲ್ಲೇ ಬಾಣಲೆಗಳಿವೆ. ಶತಮಾನಗಳಿಂದ ಅದು ಕಂಚುಗಾರರ ಊರು, ಮೋವಿಯೆಲ್ ಎಂಬ ಸಂಸ್ಥೆ 1830ರಿಂದ ಅಲ್ಲಿ ತಾಮ್ರದ ಪಾತ್ರೆಗಳನ್ನು ಮಾಡುತ್ತಿದೆ. ದಿನವಿಡೀ ಸುತ್ತಿಗೆಯ ಸದ್ದು ಕೇಳಿ ಕೇಳಿ ಕಿವಿ ಮಂದವಾಗುತ್ತಿತ್ತೆಂದು ಆ ಊರಿನವರಿಗೆ ಕಿವುಡರು ಎಂಬ ಅರ್ಥದ ಸೂರ್‌ದಾಂ ಎಂಬ ಹೆಸರೇ ಬಂದಿದೆ.

ಅಲ್ಲಿಯೂ ಪಾತ್ರೆಯ ಒಳಮೈಗೆ ತವರದ ಲೇಪ ಕೊಡುತ್ತಾರೆ. ನಮ್ಮ ಕಲಾಯಿಯೇ ಅದು, ಅವರ ಭಾಷೆಯಲ್ಲಿ ಎತಾಮಾಜ್. ಹುಳಿ ಪದಾರ್ಥ ಬರಿಯ ತಾಮ್ರಕ್ಕೆ ತಾಗಿದರೆ ವಿಷವಾಗುತ್ತದೆಂಬುದು ಎರಡೂ ಕಡೆಯ ಅಡುಗೆಯವರಿಗೆ ಗೊತ್ತು. ಹಣ್ಣಿನ ಜಾಮ್ ಮಾಡುವ ಅಗಲವಾದ ಬೋಗುಣಿಗೆ ಮಾತ್ರ ಅವರು ಕಲಾಯಿ ಹಾಕಿಸುವುದಿಲ್ಲ. ಸಾಕಷ್ಟು ಸಕ್ಕರೆ ಇದ್ದಾಗ ಹಣ್ಣಿನ ಹುಳಿ ತಾಮ್ರವನ್ನು ಅಷ್ಟಾಗಿ ತಿನ್ನುವುದಿಲ್ಲ. ಆದರೆ ಹಣ್ಣನ್ನು ಅದರಲ್ಲಿ ನೆನೆಹಾಕುವುದಾಗಲಿ, ಆದ ಜಾಮನ್ನು ಅದರಲ್ಲೇ ಬಿಡುವುದಾಗಲಿ ಸಲ್ಲದು. ಅಜ್ಜಿಯ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ, ಕಲಾಯಿ ಹಾಕಿಸಿ, ಒಲೆಯ ಪಕ್ಕ ಕಣ್ಣಿಗೆ ಕಾಣುವಂತೆ ತೂಗುಹಾಕಿ.

ಪ್ರಶ್ನೆ: ಫ್ರಾನ್ಸಿನ ಹಳ್ಳಿಗಳ ಚಿತ್ರ ನೋಡಿದರೆ ನಮ್ಮ ಊರಿನ ಹಂಚಿನ ಮನೆಗಳ ನೆನಪಾಗುತ್ತದೆ. ಸಂಬಂಧವೇನಾದರೂ ಇದೆಯೇ? – ಮಂಗಳೂರು

ಇದೆ. ಪ್ರೊವಾನ್ಸಿನಲ್ಲಿ ನೀವು ನೋಡುವುದು ಅರ್ಧ ಕೊಳವೆಯಾಕಾರದ ಹಂಚು, ನಮ್ಮ ನಾಡಹಂಚಿನ ರೂಪದ್ದು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆ ಹಂಚು ಬೇರೆ. ಅಲ್ಸಾಸ್ ಪ್ರಾಂತದ ಆಲ್ಟ್‌ಕಿರ್ಶ್ ಎಂಬ ಊರಿನಲ್ಲಿ ಜಿಲಾರ್‌ದೋನಿ ಸಹೋದರರು 1841ರಲ್ಲಿ ಅಂಥ ಹಂಚಿಗೆ ಹಕ್ಕುಪತ್ರ ಪಡೆದರು. ಆ ಊರು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ ಬಹಳ ಹತ್ತಿರ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು ನಿಮ್ಮ ಊರಿನಲ್ಲಿ ನೇತ್ರಾವತಿಯ ಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಮಂಗಳೂರು ಹಂಚು ಆ ಕಚ್ಚುಹಂಚಿನ ಮನೆತನಕ್ಕೇ ಸೇರಿದ್ದು.

ಪ್ರಶ್ನೆ: ಲಿಮೋಜ್ ಪಿಂಗಾಣಿಗೆ ಏಕೆ ಅಷ್ಟು ಹೆಸರು? – ಶ್ರೀರಂಗಪಟ್ಟಣ

ಮಣ್ಣಿನಿಂದಾಗಿ. ಅಚ್ಚ ಪಿಂಗಾಣಿಗೆ ಬೇಕಾದ ಬಿಳಿಯ ಕೇಯೊಲಿನ್ ಮಣ್ಣು ಯುರೋಪಿನಲ್ಲಿ ಅಪರೂಪವಾಗಿತ್ತು. 1768ರಲ್ಲಿ ಲಿಮೋಜ್ ನಗರದ ಬಳಿಯ ಸಂತ್-ಇರಿಯೇ ಎಂಬಲ್ಲಿ ಅದು ಸಿಕ್ಕಿತು. ವೈದ್ಯನೊಬ್ಬನ ಹೆಂಡತಿ ಬಟ್ಟೆ ಒಗೆಯಲು ಬಂದೀತೆಂದು ಆ ಬಿಳಿಮಣ್ಣನ್ನು ಎತ್ತಿಕೊಂಡಳೆಂಬ ಕಥೆ ಪ್ರಸಿದ್ಧ. ದೊರೆಯ ಒಡೆತನದ ಸೇವ್ರ್ ಕಾರ್ಖಾನೆಗೂ ಅಲ್ಲಿಂದಲೇ ಮಣ್ಣು ಹೋಯಿತು. ನಿಮ್ಮ ಊರಿನವರಿಗೆ ಇದನ್ನು ಹೇಳಲೇಬೇಕು: 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಯ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಾಗ, ಕುಶಲಕರ್ಮಿಗಳನ್ನು ಕಳುಹಿಸಿಕೊಡಬೇಕೆಂಬ ಕೋರಿಕೆಯೂ ಅವರ ಜೊತೆಗಿತ್ತು. ದೊರೆ ಕೊಟ್ಟ ಉಡುಗೊರೆಗಳಲ್ಲಿ ಸೇವ್ರ್ ಪಿಂಗಾಣಿಯೂ ಇತ್ತು.

ಪ್ರಶ್ನೆ: ದುಬಾರಿಯಲ್ಲದ, ನಿಜವಾಗಿ ಫ್ರೆಂಚ್ ಆದ ಒಂದು ವಸ್ತು ಹೇಳಿ. – ಕಲಬುರಗಿ

ದ್ಯುರಾಲೆಕ್ಸ್ ಗಾಜಿನ ಲೋಟ. ಓರ್ಲೆಯಾಂ ನಗರದ ಬಳಿ 1945ರಿಂದ ತಯಾರಾಗುತ್ತಿದೆ, ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದ ಗಾಜು. ಪ್ರತಿ ಲೋಟದ ತಳದಲ್ಲೂ ಒಂದು ಅಂಕಿ ಇರುತ್ತದೆ. ಶಾಲೆಯ ಊಟದ ಮನೆಯಲ್ಲಿ ಮಕ್ಕಳು ನೀರು ಕುಡಿದು ಮುಗಿಸಿ ಲೋಟದೊಳಗೆ ಇಣುಕಿ, ಅದೇ ತಮ್ಮ ವಯಸ್ಸೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಈಗ ಅಜ್ಜಂದಿರಾಗಿರುವವರೂ ಆ ಆಟ ಆಡಿದವರೇ. ಕಾರ್ಖಾನೆ ಕಷ್ಟಕ್ಕೆ ಸಿಲುಕಿದಾಗ 2024ರಲ್ಲಿ ಕಾರ್ಮಿಕರೇ ಸಹಕಾರ ಸಂಘ ಮಾಡಿಕೊಂಡು ಅದನ್ನು ನಡೆಸಲು ಮುಂದೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಪ್ರಶ್ನೆ: ಕೈಒರಸುವ ಬಟ್ಟೆಗೆ ಬಳೆಯಂಥ ಉಂಗುರ ಏಕೆ ಹಾಕುತ್ತಾರೆ? – ಉಡುಪಿ

ಗುರುತಿಗೆ. ಮನೆಮಂದಿ ತಮ್ಮ ಬಟ್ಟೆಯನ್ನು ನಾಲ್ಕಾರು ಊಟಕ್ಕೆ ಬಳಸಿ ಆಮೇಲೆ ಒಗೆಯಲು ಹಾಕುತ್ತಿದ್ದುದರಿಂದ, ಯಾರದು ಯಾವುದೆಂದು ಉಂಗುರ ನೋಡಿ ತಿಳಿಯುತ್ತಿತ್ತು. ಅತಿಥಿಗೆ ಒಗೆದ ಬಟ್ಟೆ, ಉಂಗುರವಿಲ್ಲ.

ಪ್ರಶ್ನೆ: ಜೀವನದಲ್ಲಿ ಒಮ್ಮೆ ಫ್ರಾನ್ಸಿಗೆ ಹೋಗುವ ಅವಕಾಶ ಸಿಕ್ಕಿದೆ. ನಾನೂ ನಿಮ್ಮ ಹಾಗೆ ಮನೆ-ಬಟ್ಟೆಗಳ ಪ್ರೇಮಿ. ಯಾವ ತಿಂಗಳು ಹೋಗಲಿ? – ನಿವೃತ್ತ ಶಿಕ್ಷಕಿ, ಹಾಸನ

ಜೂನ್ ತಿಂಗಳ ನಡುಭಾಗದಲ್ಲಿ ಹೋಗಿ, ಟೀಚರ್. ಎಲ್ಲರೂ ಪ್ರೊವಾನ್ಸಿನ ಲ್ಯಾವೆಂಡರ್ ನೋಡಲು ಜುಲೈ ಎನ್ನುತ್ತಾರೆ. ಅದೂ ಸುಂದರವೇ, ಆದರೆ ಬಟ್ಟೆಯನ್ನು ಪ್ರೀತಿಸುವವರು ನಾರ್ಮಂಡಿಯಲ್ಲಿ, ಲಿನನ್ ಬಟ್ಟೆಗೆ ನಾರು ಕೊಡುವ ಅಗಸೆ ಹೂಬಿಡುವುದನ್ನು ನೋಡಬೇಕು. ನಾರಿನ ಅಗಸೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸ್. ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತಿದ ಬೆಳೆ ಜೂನಿನಲ್ಲಿ ಹೂಬಿಟ್ಟು, ಜುಲೈಯಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ಲೆಂದರೆ ಕುಯ್ಯುವುದಲ್ಲ, ನಾರಿನ ಉದ್ದ ಕಡಿಮೆಯಾಗಬಾರದೆಂದು ಗಿಡವನ್ನು ಬೇರುಸಹಿತ ಕಿತ್ತು ಹೊಲದಲ್ಲೇ ಸಾಲಾಗಿ ಮಲಗಿಸುತ್ತಾರೆ. ವಾರಗಟ್ಟಲೆ ಇಬ್ಬನಿ, ಮಳೆ, ಬಿಸಿಲುಗಳಿಗೆ ಮಾಗಿ ಕಾಂಡದಿಂದ ನಾರು ಸಡಿಲವಾಗುತ್ತದೆ. ಕಡಲ ಗಾಳಿಯ ತೇವ ಇರುವುದರಿಂದ ಆ ಕೆಲಸಕ್ಕೆ ನಾರ್ಮಂಡಿಯ ಕರಾವಳಿ ಹೇಳಿ ಮಾಡಿಸಿದ ಜಾಗ.

ಪ್ಯಾರಿಸಿನ ಸಂತ್-ಲಜಾರ್ ನಿಲ್ದಾಣದಿಂದ ರೈಲಿನಲ್ಲಿ ರುವಾಂ ನಗರಕ್ಕೆ ಹೋಗಿ ಹಿಂದಿನ ರಾತ್ರಿಯೇ ಅಲ್ಲಿ ಉಳಿದುಕೊಳ್ಳಿ. ಕೋ ಎಂಬ ಸೀಮೆಯ ಹೊಲಗಳಿಗೆ ಬೆಳಗ್ಗೆಯೇ ತಲುಪಬೇಕು. ಅಗಸೆಯ ಹೂವು ಬೆಳಗ್ಗೆ ಅರಳಿ ಕೆಲವೇ ಗಂಟೆಗಳಲ್ಲಿ ಎಸಳು ಉದುರಿಸುತ್ತದೆ. ಒಂಬತ್ತು ಗಂಟೆಗೆ ತಿಳಿನೀಲಿಯಾಗಿ ಕಂಡ ಹೊಲ ಮಧ್ಯಾಹ್ನ ನೀವು ಹಿಂದಿರುಗುವ ಹೊತ್ತಿಗೆ ಹಸಿರಾಗಿರುತ್ತದೆ, ಮರುದಿನ ಬೆಳಗ್ಗೆ ಬೇರೆ ಮೊಗ್ಗುಗಳು ಅರಳುತ್ತವೆ.